ಜಾರು ಸ್ವರದ ಒಡೆಯರು

ಹಾರ್ಮೋನಿಯಂ ವಾದ್ಯವನ್ನು ನಮ್ಮ ಸಂಗೀತವಿದ್ವಾಂಸರಲ್ಲಿ ಅನೇಕರು ಬಹುಕಾಲ ಅನಾದರದಿಂದಲೇ ಕಂಡರು. ಆಲ್ ಇಂಡಿಯಾ ರೇಡಿಯೋ ಅದನ್ನು 1940ರಲ್ಲಿ ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತು. ಎಪ್ಪತ್ತರ ದಶಕದ ಆರಂಭದವರೆಗೂ ಮರಳಿ ಕರೆಯಲಿಲ್ಲ. ಅದರ ಮೇಲಿನ ಮುಖ್ಯ ಆರೋಪ ಒಂದೇ: ಅದರಲ್ಲಿ ಗಮಕವಿಲ್ಲ. ಒಂದು ಕೀಲಿಗೂ ಮುಂದಿನ ಕೀಲಿಗೂ ನಡುವೆ ಸ್ವರ ಜಾರಿಹೋಗುವ ಹಾದಿಯಿಲ್ಲ. ಪಿಯಾನೋವಿನ ಕೊರತೆಯೂ ಇದೇ. ಈ ಕೊರತೆಯನ್ನು ಬೆರಳಿನ ಜಾಣ್ಮೆಯಿಂದ ಅಷ್ಟಿಷ್ಟು ತುಂಬಿಕೊಟ್ಟ ಒಬ್ಬ ಅಮೆರಿಕನ್ನರ ವಿಷಯವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವರು ಡಾನ್ ರಾಬರ್ಟ್‌ಸನ್.

ವರ್ಷಗಳ ಹಿಂದೆ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ನನಗೊಂದು ಗ್ರಾಮಾಫೋನ್ ಪ್ಲೇಟು ಸಿಕ್ಕಿತು. ಫ್ಲಾಯ್ಡ್ ಕ್ರೇಮರ್ ಎಂಬ ಪಿಯಾನೋವಾದಕರು 1960ರಲ್ಲಿ ನುಡಿಸಿದ 'ಲಾಸ್ಟ್ ಡೇಟ್' ಅದರಲ್ಲಿತ್ತು. ಮಾತಿಲ್ಲದ, ನಿಧಾನಗತಿಯ ಒಂದು ವಿರಹದ ರಾಗ. ಕೇಳುತ್ತಿದ್ದಂತೆ ನಾನು ಬೆರಗಾದೆ. ಪಿಯಾನೋ ಬಿಕ್ಕುತ್ತಿತ್ತು! ವಾದಕನ ಬೆರಳು ಬೇಕಾದ ಸ್ವರಕ್ಕೆ ನೇರವಾಗಿ ಹೋಗುವುದಿಲ್ಲ. ಅದರ ಕೆಳಗಿನ ಸ್ವರವನ್ನು ಕ್ಷಣಮಾತ್ರ ಮುಟ್ಟಿ, ಅಲ್ಲಿಂದ ಮೇಲಕ್ಕೆ ಸರಿಯುತ್ತದೆ. ಅಷ್ಟುಹೊತ್ತೂ ಇನ್ನೊಂದು ಬೆರಳು ಮೇಲಿನ ಸ್ವರವೊಂದನ್ನು ಹಿಡಿದೇ ಇರುತ್ತದೆ. ಅಮೆರಿಕದ ಹಳ್ಳಿಗಾಡಿನ ಗಾಯಕರ ಕೊರಳೂ ಅವರ ಸ್ಟೀಲ್ ಗಿಟಾರಿನ ತಂತಿಯೂ ಜಾರುವ ಬಗೆಯನ್ನು ಕೀಲಿಗಳ ಮೇಲೆ ತಂದಂತಿದೆ ಅದು. ಅವರು ಇದನ್ನು 'ಸ್ಲಿಪ್ ನೋಟ್' ಎನ್ನುತ್ತಾರೆ. ನಮ್ಮವರು 'ಜಾರು' ಎಂಬ ಗಮಕವನ್ನು ಬಲ್ಲರಷ್ಟೆ, ಅದರ ದೂರದ ನೆಂಟನೆನ್ನಬಹುದು. ಇದು ಕ್ರೇಮರರ ಸೃಷ್ಟಿಯೆಂದೇ ನಾನು ನಂಬಿದ್ದೆ. ಬಂದ ಗೆಳೆಯರಿಗೆಲ್ಲ ಪ್ಲೇಟು ಹಾಕಿ ಹಾಗೆಂದೇ ಹೇಳಿಯೂ ಇದ್ದೆ. ಅದು ತಪ್ಪೆಂದು ತಿಳಿಯಲು ಬಹಳ ಕಾಲ ಹಿಡಿಯಿತು.

ರಾಬರ್ಟ್‌ಸನ್ನರು ಹುಟ್ಟಿದ್ದು 1922ರಲ್ಲಿ, ಚೀನದ ಪೀಕಿಂಗ್ ನಗರದಲ್ಲಿ. ತಂದೆ ಆಸ್ವಾಲ್ಡ್ ರಾಬರ್ಟ್‌ಸನ್ನರು ಆಗ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರು. ಮೊದಲನೆಯ ಮಹಾಯುದ್ಧದಲ್ಲಿ, 1917ರ ಸುಮಾರಿಗೆ, ರಕ್ತವನ್ನು ಮುಂಚಿತವಾಗಿ ಸಂಗ್ರಹಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಾಯ್ದಿರಿಸಿ, ಗಾಯಾಳುಗಳಿಗೆ ಕೊಡುವ ಕ್ರಮವನ್ನು ರಣರಂಗದಲ್ಲಿ ನಡೆಸಿ ತೋರಿಸಿದ ಮಹನೀಯರು ಅವರು. ಮಗನೂ ವೈದ್ಯನಾಗಲೆಂದು ಷಿಕಾಗೋ ವಿಶ್ವವಿದ್ಯಾಲಯಕ್ಕೆ ಸೇರಿದ್ದುಂಟು. ಆದರೆ ಮನಸ್ಸು ನಿಲ್ಲಲಿಲ್ಲ. ಎಳವೆಯಲ್ಲೇ ಪಿಯಾನೋ ಹಿಡಿದ ಹುಡುಗ ಅವನು. ಬೇಸಗೆಯ ರಜೆಗಳಲ್ಲಿ ಅವನಿಗೆ ಕವಿ ಕಾರ್ಲ್ ಸ್ಯಾಂಡ್‌ಬರ್ಗರ ಸಹವಾಸ ದೊರೆತಿತ್ತು. ಅಮೆರಿಕದ ಜನಪದ ಗೀತೆಗಳನ್ನು ಊರೂರು ತಿರುಗಿ ಕೂಡಿಸಿ 1927ರಲ್ಲಿ ಗ್ರಂಥವಾಗಿಸಿದವರು ಸ್ಯಾಂಡ್‌ಬರ್ಗರು. ಪೀಕಿಂಗಿನಲ್ಲಿ ಹುಟ್ಟಿದ ವೈದ್ಯರ ಮಗನಿಗೆ ದನಗಾಹಿಗಳ ಹಾಡು ಒಲಿದದ್ದು ಹೇಗೆಂಬ ಸೋಜಿಗಕ್ಕೆ ಇಲ್ಲೊಂದಿಷ್ಟು ಸಮಾಧಾನ ಸಿಕ್ಕೀತು.

1945ರಲ್ಲಿ ಅವರು ಲಾಸ್ ಏಂಜಲೀಸಿಗೆ ಹೋದರು. ಕ್ಯಾಪಿಟಲ್ ಎಂಬ ಧ್ವನಿಮುದ್ರಣ ಸಂಸ್ಥೆಯಲ್ಲಿ ದೊರೆತ ಕೆಲಸ 'ಡೆಮೋ' ನುಡಿಸುವುದು. ಇದೇನೆಂದು ವಾಚಕರಿಗೆ ಸ್ವಲ್ಪ ವಿವರಿಸಬೇಕು. ಹೊಸ ಹಾಡೊಂದನ್ನು ಹೆಸರಾಂತ ಗಾಯಕನಿಗೆ ತೋರಿಸಲು ಕಡಿಮೆ ಖರ್ಚಿನಲ್ಲಿ ತಯಾರಿಸುವ ಮಾದರಿ ಮುದ್ರಿಕೆ ಅದು. ಗಾಯಕ ಒಪ್ಪಿ ತಾನು ಹಾಡಿದನೆಂದರೆ ಮಾದರಿಯ ಕೆಲಸ ಮುಗಿಯಿತು. ಅದು ಮೂಲೆ ಸೇರುತ್ತದೆ. ಮದುವಣಗಿತ್ತಿಯ ಸೀರೆಯನ್ನು ಅಂಗಡಿಯ ಗೊಂಬೆ ಉಟ್ಟು ತೋರಿಸಿದ ಹಾಗೆ.

ಅಂಥದೊಂದು ಮಾದರಿಯೇ ಈ ಕಥೆಯ ಗಂಟು. ರಾಬರ್ಟ್‌ಸನ್ನರೂ ಹಾಲ್ ಬ್ಲೇರ್ ಎಂಬವರೂ ಕೂಡಿ 'ಪ್ಲೀಸ್ ಹೆಲ್ಪ್ ಮಿ, ಐ ಆ್ಯಮ್ ಫಾಲಿಂಗ್' ಎಂಬ ಹಾಡನ್ನು ರಚಿಸಿದರು. ಒಬ್ಬಳಿಗೆ ಮಾತು ಕೊಟ್ಟು ಇನ್ನೊಬ್ಬಳತ್ತ ಜಾರುತ್ತಿರುವ ಗಂಡಸಿನ ಮೊರೆ ಅದು. ಅದರ ಮಾದರಿಯಲ್ಲಿ ರಾಬರ್ಟ್‌ಸನ್ನರ ಬೆರಳೂ ಜಾರಿತು. ಮಾತಿನ ಅರ್ಥವೇ ಕೀಲಿಗಿಳಿದಂತಾಯಿತು. ನ್ಯಾಶ್ವಿಲ್ಲಿನಲ್ಲಿ ಆ ಹಾಡನ್ನು ಹ್ಯಾಂಕ್ ಲಾಕ್ಲಿನ್ ಅವರಿಂದ ಹಾಡಿಸಲು ಹೊರಟ ಚೆಟ್ ಅಟ್ಕಿನ್ಸರು ಮಾದರಿಯನ್ನು ಕೇಳಿ, ತಮ್ಮ ಪಿಯಾನೋವಾದಕ ಕ್ರೇಮರರಿಗೆ ಇದೇ ಬಗೆಯಲ್ಲಿ ನುಡಿಸುವಂತೆ ಹೇಳಿದರು. 1960ರಲ್ಲಿ ಹಾಡು ಹೊರಬಂದು ಕಂಟ್ರಿ ಸಂಗೀತದ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿ ನಿಂತಿತು. ಅದೇ ವರ್ಷ ಕ್ರೇಮರರು ಆ ಬೆಡಗನ್ನೇ ಬಳಸಿ 'ಲಾಸ್ಟ್ ಡೇಟ್' ರಚಿಸಿದರು. ಅಂದಿನಿಂದ ಜಾರು ಸ್ವರವೆಂದರೆ ಕ್ರೇಮರ್.

ಕ್ರೇಮರರನ್ನು ಚೋರರೆನ್ನಲು ನನಗೆ ಮನಸ್ಸಿಲ್ಲ. ಅವರು ಸ್ಟುಡಿಯೋದ ಆಳು. ನುಡಿಸೆಂದದ್ದನ್ನು ನುಡಿಸಿದರು, ಚೆನ್ನಾಗಿ ನುಡಿಸಿದರು. 'ಲಾಸ್ಟ್ ಡೇಟ್' ಅವರದೇ ಕೃತಿ, ಸೊಗಸಾದ ಕೃತಿ. ಆದರೂ ನನ್ನಂಥ ಕನ್ನಡ ಮೇಷ್ಟರಿಗೆ ಮನಸ್ಸು ಕುಟುಕುತ್ತದೆ. ನಮ್ಮಲ್ಲಿ ವಚನಕಾರನೂ ದಾಸನೂ ಅಂಕಿತವನ್ನು ಹಾಡಿನೊಳಗೇ ನೆಟ್ಟುಬಿಟ್ಟಿದ್ದಾರೆ. ಎಂಥ ಗಾಯಕನೇ ಹಾಡಲಿ, ಕೊನೆಯ ಚರಣದಲ್ಲಿ ಪುರಂದರವಿಠಲನನ್ನು ನೆನೆಯದೆ ಅವನಿಗೆ ಬಿಡುಗಡೆಯಿಲ್ಲ. ಬೆರಳಿನ ಬೆಡಗಿಗೆ ಅಂಕಿತ ಹಾಕುವುದು ಹೇಗೆ?

ರಾಬರ್ಟ್‌ಸನ್ನರ ಹಾಡುಗಳ ಹಣೆಬರಹವೂ ಹೆಚ್ಚುಕಡಿಮೆ ಇದೇ. ಹ್ಯಾಂಕ್ ಸ್ನೋ ಹಾಡಿದ 'ಐ ಡೋಂಟ್ ಹರ್ಟ್ ಎನಿಮೋರ್' 1954ರಲ್ಲಿ 20 ವಾರ ಮೊದಲ ಸ್ಥಾನದಲ್ಲಿತ್ತು. ಹೊವರ್ಡ್ ಬಾರ್ನ್ಸರ ಮಾತುಗಳಿಗೆ ಅವರು ಸ್ವರ ಹಾಕಿದ 'ಐ ರಿಯಲಿ ಡೋಂಟ್ ವಾಂಟ್ ಟು ನೋ' ನನಗೆ ಎಲ್ಲಕ್ಕಿಂತ ಪ್ರಿಯ: ಪ್ರಿಯೆಯ ಹಿಂದಿನ ಪ್ರಣಯಗಳನ್ನು ಕೇಳುತ್ತಲೇ, ಉತ್ತರ ಮಾತ್ರ ಬೇಡವೆನ್ನುವ ಪುರುಷನ ಸಂಕಟ. ಮನುಷ್ಯನ ಅಸೂಯೆಯನ್ನು ಇಷ್ಟು ಮೆಲ್ಲಗೆ ಮುಟ್ಟಿದ ಹಾಡು ವಿರಳ. ಎಲ್ವಿಸ್ ಪ್ರೆಸ್ಲಿಯಂತೂ ಅವರ ಹನ್ನೆರಡಕ್ಕೂ ಮಿಕ್ಕಿ ಹಾಡುಗಳನ್ನು ಹಾಡಿದ್ದಾನೆ. ಜನರು ಅವನ್ನು ಎಲ್ವಿಸನ ಹಾಡೆಂದೇ ಬಲ್ಲರು. ರಾಬರ್ಟ್‌ಸನ್ನರು ಸ್ವಂತ ಹೆಸರಿನಲ್ಲಿ ಜನಪ್ರಿಯತೆ ಗಳಿಸಿದ ದೊಡ್ಡ ಮುದ್ರಿಕೆ 1956ರ 'ದಿ ಹ್ಯಾಪಿ ವಿಸ್ಲರ್'. ಅದರಲ್ಲಿ ಅವರು ಹಾಡಿಲ್ಲ, ಬರಿದೇ ಸಿಳ್ಳೆ ಹಾಕಿದ್ದಾರೆ!

ಗೌರವ ಬಾರದೆ ಇರಲಿಲ್ಲ. 1972ರಲ್ಲಿ ನ್ಯಾಶ್ವಿಲ್ಲಿನ ಗೀತಕಾರರ ಕೀರ್ತಿಮಂದಿರಕ್ಕೆ ಅವರನ್ನು ಸೇರಿಸಿಕೊಂಡರು. ಕ್ರೇಮರರು 1997ರಲ್ಲಿ ತೀರಿಕೊಂಡರು. ರಾಬರ್ಟ್‌ಸನ್ನರು 92 ವರ್ಷ ಬಾಳಿ, 2015ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ಓಹಾಯ್ ಊರಿನಲ್ಲಿ ಕಣ್ಮುಚ್ಚಿದರು.

ಆ ಪ್ಲೇಟು ಈಗಲೂ ನನ್ನಲ್ಲಿದೆ. ಅದರ ಹರಿದ ಲಕೋಟೆಯ ಮೇಲೆ, ಕ್ರೇಮರರ ಹೆಸರಿನ ಕೆಳಗೆ, ಪೆನ್ಸಿಲಿನಲ್ಲಿ ಇನ್ನೊಂದು ಹೆಸರನ್ನೂ ಬರೆದಿಟ್ಟಿದ್ದೇನೆ.