ಗೌರಿ ಹೂವಿನ ವಿಷ, ಜೀವಕೋಶದ ತಾಳ್ಮೆ

ಶ್ರಾವಣ, ಭಾದ್ರಪದಗಳಲ್ಲಿ ಕಾರವಾರ–ಅಂಕೋಲೆಯ ಹಳ್ಳಿದಾರಿಗಳಲ್ಲಿ ನಡೆದಾಡುವವರಿಗೆ ಗೌರಿ ಹೂವಿನ ಪರಿಚಯ ಮಾಡಿಕೊಡಬೇಕಿಲ್ಲ. ಎಲೆಯ ತುದಿಯನ್ನೇ ಕೊಂಡಿಯಾಗಿಸಿಕೊಂಡು ಬೇಲಿಯೇರುವ ಈ ಬಳ್ಳಿಯ ಹಳದಿ–ಕೆಂಪು ದಳಗಳು ಬೆಂಕಿಯ ನಾಲಗೆಯಂತೆ ಮೇಲಕ್ಕೆ ಬಾಗಿರುತ್ತವೆ. ಸಂಸ್ಕೃತದಲ್ಲಿ ಅದು ಅಗ್ನಿಶಿಖೆ; ನೇಗಿಲಿನಾಕಾರದ ಗೆಡ್ಡೆಯಿಂದಾಗಿ ಲಾಂಗಲಿ ಎಂದೂ ಹೆಸರು. ತಮಿಳುನಾಡು ಇದನ್ನು ರಾಜ್ಯಪುಷ್ಪವಾಗಿಸಿಕೊಂಡಿದೆ. ಅಲ್ಲಿನ ರೈತರು ಇದರ ಬೀಜವನ್ನು ಔಷಧ ಉದ್ಯಮಕ್ಕೆ ಮಾರುತ್ತಾರೆ. ನಮ್ಮಲ್ಲಿ ಇದು ಹಬ್ಬಕ್ಕೆ ಹೂ, ಉಳಿದ ದಿನಗಳಲ್ಲಿ ಕಳೆ.

ಬೀಜ ಮತ್ತು ಗೆಡ್ಡೆಯಲ್ಲಿರುವ ಕೊಲ್ಚಿಸಿನ್ ಎಂಬ ರಾಸಾಯನಿಕಕ್ಕಾಗಿ ಈ ವ್ಯಾಪಾರ. ಅತ್ಯಲ್ಪ ಪ್ರಮಾಣದಲ್ಲಿ ಅದು ಗೌಟ್ ಎಂಬ ಸಂಧಿವಾತಕ್ಕೆ ಮದ್ದು. ಪ್ರಮಾಣ ತುಸು ಮೀರಿದರೆ ಮಾರಕ ವಿಷ. ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದ ನನ್ನಂಥವನಿಗೆ ಇದರಲ್ಲಿ ಕುತೂಹಲ ಹುಟ್ಟಿದ್ದು, ವಿಷ ಯಾವ ಜಾಗವನ್ನು ತಾಗುತ್ತದೆ ಎಂದು ತಿಳಿದ ಮೇಲೆ. ಅದು ತಾಗುವುದು ಜೀವಕೋಶದ ಕದಿರನ್ನು.

1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಯವರಿಗೆ ಕದಿರೆಂದರೆ ಚರಕದ ನೆನಪಾದೀತು. ಜೀವಕೋಶದ ಕದಿರೂ ನೂಲಿನದೇ. ಕೋಶವೊಂದು ಎರಡಾಗುವ ಮುನ್ನ ತನ್ನ 46 ವರ್ಣತಂತುಗಳಿಗೆ ಪ್ರತಿ ಮಾಡಿಕೊಳ್ಳುತ್ತದೆ. ಅನಂತರ ಟ್ಯೂಬುಲಿನ್ ಎಂಬ ಪ್ರೋಟೀನಿನ ಕಣಗಳು ಸಾಲುಗೂಡಿ ಎರಡು ಧ್ರುವಗಳಿಂದ ಎಳೆಗಳಾಗಿ ಬೆಳೆಯುತ್ತವೆ, ಕುಸಿಯುತ್ತವೆ, ಮತ್ತೆ ಬೆಳೆಯುತ್ತವೆ. ಕತ್ತಲಲ್ಲಿ ಕೈಚಾಚಿ ತಡಕಿದಂತೆ ಈ ಹುಡುಕಾಟ. ಪ್ರತಿ ಜೋಡಿಯ ಒಂದು ಪ್ರತಿಗೆ ಒಂದು ಧ್ರುವದ ಎಳೆ, ಇನ್ನೊಂದಕ್ಕೆ ಎದುರು ಧ್ರುವದ್ದು ಸಿಕ್ಕಿ, ಹಗ್ಗಜಗ್ಗಾಟದ ಬಿಗುವು ಬರಬೇಕು. ಆಮೇಲಷ್ಟೇ ಪಾಲಾಗುವುದು.

ಎಲ್ಲ ಕೊಂಡಿಗಳೂ ಸಿಕ್ಕಿವೆ ಎಂದು ಕೋಶಕ್ಕೆ ತಿಳಿಯುವುದಾದರೂ ಹೇಗೆ? ಎಳೆ ಸಿಗದ ಪ್ರತಿಯೊಂದು ಕೊಂಡಿಯೂ 'ತಡೆ' ಎಂಬ ರಾಸಾಯನಿಕ ಸಂಕೇತ ಹೊರಡಿಸುತ್ತಿರುತ್ತದೆ. ಈ ಕಾವಲು ವ್ಯವಸ್ಥೆಯ ವಂಶವಾಹಿಗಳು 1991ರಲ್ಲಿ ಯೀಸ್ಟ್‌ನಲ್ಲಿ ಪತ್ತೆಯಾದವು. ಕದಿರು ಮುರಿಯುವ ಔಷಧ ಕೊಟ್ಟಾಗ ಸಹಜ ಯೀಸ್ಟ್ ವಿಭಜನೆ ನಿಲ್ಲಿಸಿ ಕಾಯ್ದು ಬದುಕಿತು; ಈ ವಂಶವಾಹಿ ಕೆಟ್ಟಿದ್ದ ಯೀಸ್ಟ್ ಕಾಯದೆ ಮುಂದುವರಿದು ಸತ್ತಿತು. 1995ರಲ್ಲಿ ಇನ್ನೂ ಸೊಗಸಾದ ಪ್ರಯೋಗ ನಡೆಯಿತು. ಎಳೆ ಸಿಗದೆ ಉಳಿದಿದ್ದ ಕೊನೆಯ ಒಂದೇ ಒಂದು ಕೊಂಡಿಯನ್ನು ಲೇಸರ್ ಕಿರಣದಿಂದ ನಾಶಮಾಡಿದಾಗ, ಅದುವರೆಗೆ ತಡೆದು ನಿಂತಿದ್ದ ಕೋಶ ವಿಭಜನೆಗೆ ಹೊರಟಿತು. ಅಂದರೆ ಇಲ್ಲಿ ಬಹುಮತಕ್ಕೆ ಬೆಲೆಯಿಲ್ಲ. ಮನುಷ್ಯನ ಕೋಶದಲ್ಲಿ 91 ಕೊಂಡಿಗಳು ಒಪ್ಪಿದರೂ 92ನೆಯದು ಸಹಿ ಹಾಕದೆ ಕಡತ ಕದಲದು. (ನಮ್ಮ ಕಚೇರಿಗಳ ವಿಳಂಬಕ್ಕೆ ಇಷ್ಟು ಒಳ್ಳೆಯ ಕಾರಣ ಇರುತ್ತಿದ್ದುದು ಅಪರೂಪ.)

ಗೌರಿ ಹೂವಿನ ವಿಷ ಟ್ಯೂಬುಲಿನ್‌ಗೆ ಅಂಟಿಕೊಂಡು ಎಳೆಯೇ ಬೆಳೆಯದಂತೆ ಮಾಡುತ್ತದೆ. ಕೋಶ ಕಾಯುತ್ತಲೇ ಉಳಿಯುತ್ತದೆ. ಕಾಯುವುದಕ್ಕೂ ಮಿತಿಯಿರುವುದರಿಂದ ಕೊನೆಗೆ ಸಾಯುತ್ತದೆ, ಇಲ್ಲವೇ ಪಾಲಾಗದೆಯೇ ಹೊರಬರುತ್ತದೆ. ವಿಜ್ಞಾನಕ್ಕೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಕೊಲ್ಚಿಸಿನ್‌ನಿಂದ ನಡುದಾರಿಯಲ್ಲಿ ನಿಂತ ಕೋಶಗಳಲ್ಲಿ ವರ್ಣತಂತುಗಳನ್ನು ಎಣಿಸಿಯೇ ಮನುಷ್ಯನಲ್ಲಿರುವುದು 48 ಅಲ್ಲ, 46 ಎಂದು ಟಿಯೋ ಮತ್ತು ಲೆವಾನ್ 1956ರಲ್ಲಿ ಸಾರಿದರು. ಬೀಜವಿಲ್ಲದ ಕಲ್ಲಂಗಡಿಯೂ ಇದೇ ರಾಸಾಯನಿಕದ ಕೊಡುಗೆ.

ಆದರೆ ಗೆಡ್ಡೆಯನ್ನು ಗೆಣಸೆಂದು ತಿಳಿದು ತಿಂದವರ ಪ್ರಕರಣಗಳು ಶ್ರೀಲಂಕಾ ಮತ್ತು ದಕ್ಷಿಣ ಭಾರತದ ವೈದ್ಯರ ದಾಖಲೆಗಳಲ್ಲಿವೆ. ಸದಾ ವಿಭಜನೆಯಾಗುತ್ತಿರುವ ಕೋಶಗಳಿಗೇ ಮೊದಲ ಪೆಟ್ಟು: ಕರುಳಿನ ಒಳಪೊರೆ, ಅಸ್ಥಿಮಜ್ಜೆ, ಕೂದಲಿನ ಬುಡ. ಕೆಲವು ಗಂಟೆಗಳಲ್ಲಿ ವಾಂತಿಭೇದಿ. ಒಂದೆರಡು ದಿನಗಳಲ್ಲಿ ರಕ್ತಕಣಗಳ ಕುಸಿತ, ಅಂಗಾಂಗ ವೈಫಲ್ಯ. ಬದುಕುಳಿದವರಿಗೆ ಎರಡು ವಾರಗಳಲ್ಲಿ ಕೂದಲು ಉದುರುತ್ತದೆ. ಆರಂಭದ ಲಕ್ಷಣ ಮಳೆಗಾಲದ ಮಾಮೂಲು ಹೊಟ್ಟೆನೋವಿನಂತೆಯೇ ಇರುವುದು ದೊಡ್ಡ ಅಪಾಯ. ಸುಲಭವಾಗಿ ಸಿಗುವ ಪ್ರತ್ಯೌಷಧವೂ ಇಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2022ರಲ್ಲಿ ದೊಡ್ಡ ದನಿಯೆತ್ತಬೇಕಾಗಿ ಬಂದ ಜಿಲ್ಲೆಯಲ್ಲಿ ಕಳೆದುಹೋದ ಒಂದು ದಿನದ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

'ಗಿಡಮೂಲಿಕೆ ತಾನೇ, ಏನೂ ಆಗದು' ಎನ್ನುವವರು ವಿದ್ಯಾವಂತರಲ್ಲೂ ಕಡಿಮೆಯಿಲ್ಲ. ಬೇಲಿಯನ್ನು ಕಿತ್ತೊಗೆಯಿರಿ ಎಂದು ನಾನು ಹೇಳಲಾರೆ. ಹೂವು ಹಬ್ಬಕ್ಕೆ ಬೇಕು. ಮಳೆ ಹಿಡಿಯುವ ಮುನ್ನ ಎರಡೂ ತಾಲ್ಲೂಕುಗಳ ಶಾಲೆಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೂವು ಮತ್ತು ಗೆಡ್ಡೆಯ ಚಿತ್ರವಿರುವ ಒಂದು ಹಾಳೆ ಅಂಟಿಸಲಿ. ವಾಂತಿಭೇದಿಯೆಂದು ಬಂದವರನ್ನು 'ಯಾವುದಾದರೂ ಗೆಡ್ಡೆ ತಿಂದಿದ್ದೀರಾ?' ಎಂದು ಕರ್ತವ್ಯದಲ್ಲಿರುವ ವೈದ್ಯರು ಕೇಳಲಿ. ಇದಕ್ಕೆ ಹೊಸ ಅನುದಾನವೇನೂ ಬೇಡ.