ಗ್ಲೋಬಿನ ಮೇಲೆ ದಾರ ಎಳೆದಾಗ

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ಮೊಳ ಹೊಲಿಗೆ ದಾರ ತನ್ನಿ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆಯಿರಿ. ಚೀನಾ, ಜಪಾನ್ ಕಡೆ ಇಟ್ಟ ದಾರ ಅಲ್ಲಿ ನಿಲ್ಲುವುದಿಲ್ಲ. ಬಿಗಿ ಮಾಡಿದಷ್ಟೂ ಮೇಲಕ್ಕೆ ಜಾರಿ, ಸೈಬೀರಿಯಾದ ಉತ್ತರ ಕರಾವಳಿಯಾಚೆ, ಸುಮಾರು 71 ಡಿಗ್ರಿ ಅಕ್ಷಾಂಶದವರೆಗೆ ಹೋಗಿ ಕೂರುತ್ತದೆ. ಅದೇ ಅತಿ ಹತ್ತಿರದ ದಾರಿ: ಸುಮಾರು 14,000 ಕಿ.ಮೀ.

ಶಾಲೆಯ ಗೋಡೆಯ ಭೂಪಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು, ಅದೇ ಗೆರೆಯ ಮೇಲೆ ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಉಂಡೆಯಾದ ಭೂಮಿಯನ್ನು ಹಾಳೆಯ ಮೇಲೆ ಹರಡಿದ್ದಕ್ಕೆ ತೆರುವ ಬೆಲೆ ಸುಮಾರು 2,100 ಕಿ.ಮೀ.! ನನಗೆ ಇನ್ನೂ ಅಚ್ಚರಿಯೆನಿಸಿದ್ದು ಬೇರೆ ಲೆಕ್ಕ. ಎರಡೂ ಊರುಗಳ ನಡುವೆ 160 ಡಿಗ್ರಿ ರೇಖಾಂಶದ ಅಂತರವಿದೆ. ಅಂದರೆ ಹೆಚ್ಚುಕಡಿಮೆ ಭೂಮಿಯ ಆಚೆ ಬದಿ. ಹಾಗಾಗಿ ನೇರ ಉತ್ತರ ಧ್ರುವ ಮುಟ್ಟಿಕೊಂಡೇ ಹೋದರೂ ಹೆಚ್ಚಾಗುವುದು 400 ಕಿ.ಮೀ.ಗಿಂತ ಕಡಿಮೆ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ ಧ್ರುವದ ಹಾದಿಯನ್ನೇ ಹಿಡಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಅದನ್ನು ಹಾರಿಸಿದವರೆಲ್ಲ ಮಹಿಳೆಯರು. ಬೆಂಗಳೂರಿನಲ್ಲಿ ಇಳಿದದ್ದು 11ರ ನಸುಕಿನಲ್ಲಿ. ಕ್ಯಾಲೆಂಡರ್ ಎರಡು ದಿನ ಮುಂದೆ ಹೋದರೂ ಹಾರಿದ್ದು ಸುಮಾರು 17 ಗಂಟೆ. ಉಳಿದದ್ದು ಹದಿಮೂರೂವರೆ ಗಂಟೆಯ ಗಡಿಯಾರ ವ್ಯತ್ಯಾಸ.

ದಾರ ತೋರಿಸಿದ ದಾರಿಯನ್ನೇ ಏಕೆ ಹಿಡಿಯಲಿಲ್ಲ? ಆ ದಾರ ನೇಪಾಳದ ಹಿಮಾಲಯ ಮತ್ತು ಟಿಬೆಟ್ ಮೇಲೆ ಹಾದುಹೋಗುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಏಕಾಏಕಿ ಕುಸಿದರೆ ಪೈಲಟ್ ಬೇಗನೆ ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿಸಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ!

ಇನ್ನೊಂದು ಕಾರಣ ಗಾಳಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆ ಹರಿಯುತ್ತದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದುಕೊಳ್ಳಿ. 150 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ ಆರು ಗಂಟೆಯಲ್ಲಿ 6,300 ಕಿ.ಮೀ. ಕ್ರಮಿಸಬಹುದು, ಎದುರಿಗಿದ್ದರೆ ಬರೀ 4,500. ಅದಕ್ಕೇ ಅಮೆರಿಕಕ್ಕೆ ಹೋಗುವಾಗ ಪೆಸಿಫಿಕ್ ಮೇಲಿನ ಸುತ್ತುದಾರಿಯೂ ಲಾಭದ್ದಾಗಬಹುದು. ಬರುವಾಗ ಆ ಹೊಳೆಗೆ ಎದುರು ಈಜುವುದಕ್ಕಿಂತ ಧ್ರುವದ ಬಳಸು ವಾಸಿ.

ಧ್ರುವದ ಚಳಿಯ ಕಾಟವೂ ಇದೆ. ಸಾಮಾನ್ಯ ಜೆಟ್ ಇಂಧನ ಮೈನಸ್ 47 ಡಿಗ್ರಿಯ ಆಸುಪಾಸು ಗಟ್ಟಿಯಾಗತೊಡಗುತ್ತದೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರಬಹುದು. ಪೈಲಟ್‌ಗಳು ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಟ್ಟೇ ಇರುತ್ತಾರೆ. ತೀರಾ ಇಳಿದರೆ ವಿಮಾನವನ್ನು ಬೆಚ್ಚಗಿನ ಎತ್ತರಕ್ಕೆ ತರುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಓಡುವ ರೆಕ್ಕೆಗೆ ಗಾಳಿ ಉಜ್ಜಿ, ಒತ್ತಿ, ಒಳಗಿನ ಇಂಧನ ತುಸು ಬೆಚ್ಚಗಾಗುತ್ತದೆ.