ನಗಿಸುವವನು ನಗುವುದಿಲ್ಲ: ಅಮೆರಿಕದ ಸಣ್ಣಕತೆಗಳ ಹಾಸ್ಯ

ಅಮೆರಿಕದ ಹಳೆಯ ಹಾಸ್ಯಕತೆಗಳನ್ನು ಮೊದಲ ಬಾರಿಗೆ ಓದಿದವರು ‘ಇದರಲ್ಲಿ ನಗುವಂಥದ್ದೇನಿದೆ?’ ಎಂದು ಕೇಳುವುದುಂಟು. ಪ್ರಶ್ನೆ ಸಹಜವೇ. ಈ ಕತೆಗಳ ಹಾಸ್ಯವು ಘಟನೆಗಳಿಗಿಂತ ಹೆಚ್ಚಾಗಿ ಹೇಳುವವನ ದನಿಯಲ್ಲಿದೆ.

ಮಾರ್ಕ್ ಟ್ವೇನ್ 1865ರಲ್ಲಿ ನ್ಯೂಯಾರ್ಕಿನ ‘ಸ್ಯಾಟರ್ಡೇ ಪ್ರೆಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ನೆಗೆಯುವ ಕಪ್ಪೆಯ ಕತೆಯನ್ನೇ ನೋಡಿ. ಕ್ಯಾಲಿಫೋರ್ನಿಯದ ಗಣಿ ಊರೊಂದರಲ್ಲಿ ಜಿಮ್ ಸ್ಮೈಲಿ ಎಂಬ ಪಂದ್ಯಪ್ರೇಮಿ ತನ್ನ ಕಪ್ಪೆಯ ಮೇಲೆ 40 ಡಾಲರ್ ಪಣ ಕಟ್ಟುತ್ತಾನೆ. ಅಪರಿಚಿತನೊಬ್ಬ ಅದರ ಬಾಯಿಗೆ ಸೀಸದ ಗುಂಡುಗಳನ್ನು ತುಂಬಿ ಗೆದ್ದುಬಿಡುತ್ತಾನೆ. ಇದನ್ನು ಹೇಳುವ ಸೈಮನ್ ವೀಲರ್ ಒಮ್ಮೆಯೂ ನಗುವುದಿಲ್ಲ. ಮಹಾಪುರುಷರ ಚರಿತ್ರೆಯನ್ನು ನಿರೂಪಿಸುವವನಂತೆ ಗಂಭೀರನಾಗಿರುತ್ತಾನೆ. ಕಪ್ಪೆಗಿರುವ ಹೆಸರು ಡ್ಯಾನಿಯಲ್ ವೆಬ್‌ಸ್ಟರ್. ಅದು 1852ರಲ್ಲಿ ನಿಧನರಾದ ಪ್ರಖ್ಯಾತ ವಾಗ್ಮಿ, ಸೆನೆಟರ್ ಒಬ್ಬರದು. ವಾಗ್ಮಿಯ ಬಾಯಿಗೇ ಸೀಸ ಬಿದ್ದಿತೆಂಬುದನ್ನು ಅರಿತವರಿಗೆ ನಗು ಇಮ್ಮಡಿಸುತ್ತದೆ.

ಈ ಕತೆಯ ಫ್ರೆಂಚ್ ಅನುವಾದ 1872ರಲ್ಲಿ ಹೊರಬಂದಿತು. ಟ್ವೇನ್ ಅದನ್ನು ಪದಕ್ಕೆ ಪದವಿಟ್ಟು ಮರಳಿ ಇಂಗ್ಲಿಷಿಗೆ ತಂದು, 1875ರಲ್ಲಿ ಮೂರೂ ಪಠ್ಯಗಳನ್ನು ಒಟ್ಟಿಗೆ ಅಚ್ಚು ಹಾಕಿಸಿದರು. ಹೀಗೆ ಮಾಡಿದರೆ ಯಾವ ಅನುವಾದವೂ ವಿಕಾರವಾಗಿ ಕಾಣುತ್ತದೆ. ಅದೂ ಅವರ ತಮಾಷೆಯೇ. ಆದರೂ ಅದರಲ್ಲೊಂದು ಸತ್ಯವಿತ್ತು: ಕಪ್ಪೆ, ಪಣ, ಸೀಸ ಎಲ್ಲವೂ ಉಳಿದಿದ್ದವು, ವೀಲರನ ಆಡುಮಾತು ಮಾತ್ರ ಅಳಿದಿತ್ತು.

ಓ. ಹೆನ್ರಿಯವರ ‘ದಿ ರ್ಯಾನ್ಸಮ್ ಆಫ್ ರೆಡ್ ಚೀಫ್’ (1907) ಕತೆಯ ನಿರೂಪಕನೂ ಇದೇ ಜಾತಿಯವನು. ಸ್ಯಾಮ್ ಮತ್ತು ಬಿಲ್ ಎಂಬಿಬ್ಬರು ಹತ್ತು ವರ್ಷದ ಹುಡುಗನನ್ನು ಅಪಹರಿಸಿ 1500 ಡಾಲರ್ ಕೇಳುತ್ತಾರೆ. ಹುಡುಗನ ಕಾಟಕ್ಕೆ ಅವರೇ ಹೈರಾಣಾಗುತ್ತಾರೆ. ತಂದೆಯ ಉತ್ತರವೋ ವ್ಯವಹಾರ ಪತ್ರದಷ್ಟು ತಣ್ಣಗಿದೆ: 250 ಡಾಲರ್ ಕೊಟ್ಟರೆ ಮಗನನ್ನು ಮರಳಿ ಪಡೆಯುವೆ, ರಾತ್ರಿ ಬರುವುದು ಒಳ್ಳೆಯದು, ನೆರೆಹೊರೆಯವರ ಕೋಪಕ್ಕೆ ತಾನು ಹೊಣೆಯಲ್ಲ! ಅಪಹರಣಕಾರರು ಹಣ ತೆತ್ತು ಪಾರಾಗುತ್ತಾರೆ. ದೊಡ್ಡ ಪದಗಳನ್ನು ಅಸ್ತವ್ಯಸ್ತವಾಗಿ ಬಳಸುವ ಸ್ಯಾಮ್ ಇದನ್ನೆಲ್ಲ ವ್ಯಾಪಾರದ ನಷ್ಟವೆಂಬಂತೆ ವರದಿ ಮಾಡುತ್ತಾನೆ.

ಹಾಸ್ಯಕತೆಯ ಜೀವ ಹೇಳುವ ರೀತಿಯಲ್ಲಿದೆ, ಹೇಳುವವನು ತಮಾಷೆಯ ಸುಳಿವನ್ನೇ ತೋರಬಾರದು ಎಂದು ಟ್ವೇನ್ 1895ರ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ. ಆದ್ದರಿಂದ ಇಂಥ ಕತೆಗಳನ್ನು ಅವಸರದಲ್ಲಿ ಓದಬಾರದು. ಸಾಧ್ಯವಾದರೆ ಗಟ್ಟಿಯಾಗಿ ಓದಿ, ಹೇಳುತ್ತಿರುವವನು ಯಾರು, ಅವನಿಗೆ ಅರಿವಾಗದ್ದೇನು ಎಂದು ಗಮನಿಸಬೇಕು. ಕನ್ನಡಕ್ಕೆ ತರುವವರೂ ಕಥಾಸಾರಕ್ಕೆ ತೃಪ್ತರಾಗದೆ, ಆ ನಿರ್ವಿಕಾರ ದನಿಗೆ ತಕ್ಕ ಆಡುಮಾತನ್ನು ಹುಡುಕಬೇಕು. ಇಲ್ಲವಾದರೆ ಓದುಗರಿಗೆ ದಕ್ಕುವುದು ಸೀಸ ನುಂಗಿದ ಕಪ್ಪೆಯೇ.